ಮೂನ್‌ಲೈಟ್ ಕಷ್ಟವೋ, ಫ್ಯಾಂಟಸಿ ಇಂಪ್ರಾಂಪ್ಟು ಕಷ್ಟವೋ?

ಪಿಯಾನೊ ಕಲಿಯುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೀಥೋವನ್‌ನ ಮೂನ್‌ಲೈಟ್ ಸೊನಾಟಾದ ಮೂರನೇ ಭಾಗ ಕಷ್ಟವೋ, ಶೋಪಾನ್‌ನ ಫ್ಯಾಂಟಸಿ ಇಂಪ್ರಾಂಪ್ಟು ಕಷ್ಟವೋ? ಎರಡೂ ಪಿಯಾನೊಗೆಂದೇ ಬರೆದ ಕೃತಿಗಳು, ಒಂದು 1801ರದ್ದು, ಇನ್ನೊಂದು 1834ರದ್ದು. ಎರಡೂ ಸಿ ಶಾರ್ಪ್ ಮೈನರ್ ಎಂಬ ಒಂದೇ ಸ್ವರಶ್ರೇಣಿಯಲ್ಲಿವೆ, ಎರಡೂ ಉಸಿರು ಬಿಡದೆ ಓಡುತ್ತವೆ. ಹೋಲಿಸಬೇಕು ಅನ್ನಿಸುವುದು ಸಹಜವೇ.

ಮೂನ್‌ಲೈಟೇ ಕಷ್ಟ ಅಂತ ನಾನು ಹೇಳುತ್ತೇನೆ.

ಫ್ಯಾಂಟಸಿ ಇಂಪ್ರಾಂಪ್ಟು ಮೊದಲು ಹೆದರಿಸುತ್ತದೆ, ನಿಜ. ಬಲಗೈ ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಎಡಗೈ ಮೂರು ನುಡಿಸಬೇಕು. ಲೆಕ್ಕ ಹಾಕುತ್ತಾ ಕೂತರೆ ಇದು ಬರುವುದೇ ಇಲ್ಲ. ಒಂದೊಂದು ಕೈಯನ್ನೂ ಕಣ್ಣು ಮುಚ್ಚಿ ನುಡಿಸುವಷ್ಟು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಸೇರಿಸಿ. ನನಗೆ ಮೂರು ವಾರ ಎರಡೂ ಕೈ ಜಗಳವಾಡಿದವು. ನಾಲ್ಕನೇ ವಾರ ಸುಮ್ನೆ ಕೂಡಿಕೊಂಡವು, ಮತ್ತೆಂದೂ ತಪ್ಪಲಿಲ್ಲ. ಶೋಪಾನ್ ಕೈಯ ಆಕಾರ ಬಲ್ಲವನು. ಉದ್ದ ಬೆರಳುಗಳು ಕಪ್ಪು ಮನೆಗಳ ಮೇಲೆ ಹಾಯಾಗಿ ಕೂರುತ್ತವೆ ಅಂತ ತನ್ನ ಶಿಷ್ಯರಿಗೆ ಕಪ್ಪು ಮನೆಗಳೇ ಹೆಚ್ಚಿರುವ ಬಿ ಮೇಜರ್ ಸ್ಕೇಲನ್ನೇ (ಸ್ವರಶ್ರೇಣಿ) ಮೊದಲು ಕಲಿಸುತ್ತಿದ್ದ. ಅವನ ವೇಗದಲ್ಲಿ ಆ ಹಿತ ಸಿಗುತ್ತದೆ. ನಡುವೆ ನಿಧಾನದ ಹಾಡಿನಂಥ ಭಾಗವೂ ಇದೆ, ಅಲ್ಲಿ ಕೈ ಸುಧಾರಿಸಿಕೊಳ್ಳುತ್ತದೆ.

ಮೂನ್‌ಲೈಟ್‌ನಲ್ಲಿ ಆ ಬಿಡುವಿಲ್ಲ. ಸ್ವರಗಳು ಮೆತ್ತಗೆ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತವೆ, ತುದಿಯಲ್ಲಿ ಇದ್ದಕ್ಕಿದ್ದಂತೆ ಎರಡು ಜೋರಾದ ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವುದು. ಆ ಪೆಟ್ಟು ಕೊಟ್ಟ ತಕ್ಷಣ ಕೈ ಸಡಿಲವಾಗಿ ಮತ್ತೆ ಕೆಳಗೆ ಬಂದಿರಬೇಕು. ಪ್ರತಿ ಸಲ ಸ್ವಲ್ಪ ಬಿಗಿತ ಉಳಿದುಬಿಡುತ್ತದೆ. ಅದು ಸೇರುತ್ತಾ ಹೋಗಿ, ಎರಡನೇ ಪುಟಕ್ಕೆ ಬರುವಾಗ ಮುಂಗೈ ಕಲ್ಲಾಗಿರುತ್ತದೆ. ಎಡಗೈ ಒಂದೇ ಸಮನೆ ಸಣ್ಣ ಸ್ವರಗಳನ್ನು ಹೊಡೆಯುವ ಕಡೆಯಂತೂ ಇನ್ನೂ ಜಾಸ್ತಿ. ಸ್ವರಗಳೆಲ್ಲ ಬಾಯಿಪಾಠ ಆದಮೇಲೂ ಈ ಕಷ್ಟ ಹೋಗುವುದಿಲ್ಲ. ಪ್ರತಿ ಸಲ ಹೊಸದಾಗಿ ಎದುರಿಸಬೇಕು. ಕಲಿಯುವಾಗ ಮಾತ್ರ ಇರುವ ಕಷ್ಟಕ್ಕಿಂತ ನುಡಿಸುವಾಗಲೆಲ್ಲ ಇರುವ ಕಷ್ಟವೇ ನನಗೆ ದೊಡ್ಡದು.

ಹಾಗಾದರೆ ಅದೇ ಸೊನಾಟಾದ ಮೊದಲ ಭಾಗ ಸುಲಭ ಅಲ್ವಾ ಅಂತಲೂ ಕೇಳುತ್ತಾರೆ. ಸ್ವರಗಳು ಸುಲಭ, ಎರಡು ತಿಂಗಳಲ್ಲಿ ಬಂದುಬಿಡುತ್ತವೆ. ಆದರೆ ಬಲಗೈ ಬೆರಳುಗಳು ಮೂರು ಮೂರು ಸ್ವರಗಳನ್ನು ಪಿಸುಗುಡುತ್ತಿರುವಾಗ, ಅದೇ ಕೈಯ ಕಿರುಬೆರಳು ಮೇಲಿನ ರಾಗವನ್ನು ಹಾಡಬೇಕು. ಅದೂ ಜೋರು ಮಾಡದೆ. ಅದನ್ನು ನಾನು ಹನ್ನೊಂದು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೇನೆ.