ಕೇಳ್ಸಲಾರದ ಸಪ್ಪಳ

"ಕೇಳ್ಸಲಾರದ್ದು ಜೋರ್ ಅದನೋ ಇಲ್ಲೋ, ಹ್ಯಾಂಗ ಗೊತ್ತಾಗಬೇಕ್ರಿ?"

ಕಲಬುರಗಿ ಗಂಜಿನಲ್ಲಿ ತೊಗರಿ ಅಂಗಡಿಯ ಕಾಕಾ ಕಿವಿಗೆ ಕೇಳದಷ್ಟು ಹೆಚ್ಚು ಕಂಪನಾಂಕದ ಸಪ್ಪಳದಿಂದ (ಅಲ್ಟ್ರಾಸೌಂಡ್) ಇಲಿ ಓಡಿಸುವ ಡಬ್ಬಿಯನ್ನು ಕೈಗಿಟ್ಟು ಸೋಮವಾರ ಕೇಳಿದ ಮಾತು. ಡಬ್ಬಿಯ ಮೇಲೆ 'ಹೈ ಪವರ್' ಅಂತ ದಪ್ಪಕ್ಷರ. ಎಷ್ಟು ಡೆಸಿಬೆಲ್, ಎಷ್ಟು ದೂರದಲ್ಲಿ, ಯಾವುದೂ ಇಲ್ಲ. ಹೀಗೆ ಮಾರುವುದು ತಪ್ಪು. ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಏನೂ ತೋರಿಸಲಿಲ್ಲವೆಂದು ಕಾಕಾಗೆ ಅನುಮಾನ. ಅದು ತೋರಿಸುವುದೂ ಇಲ್ಲ. ಸೆಕೆಂಡಿಗೆ 48,000 ಸ್ಯಾಂಪಲ್ ತೆಗೆಯುವ ಫೋನಿಗೆ 24 ಕಿಲೋಹರ್ಟ್ಜ್ ದಾಟಿದ್ದು ದಕ್ಕದು.

ಹೋಲಿಸಲು ಗೊತ್ತಿರುವ ಸಪ್ಪಳವೊಂದು ಬೇಕಿತ್ತು. ಆರ್ಡುಯಿನೊ ಊನೊ ಎಂಬ ಪುಟ್ಟ ಪ್ರೋಗ್ರಾಮಿಂಗ್ ಬೋರ್ಡಿನ ಟೈಮರ್ 1ನ್ನು ಸಿಟಿಸಿ ಮೋಡಿನಲ್ಲಿಟ್ಟು (ಕೊಟ್ಟ ಅಂಕಿ ಮುಟ್ಟಿದೊಡನೆ ಎಣಿಕೆ ಮತ್ತೆ ಸೊನ್ನೆಯಿಂದ), ಪ್ರೀಸ್ಕೇಲರ್ (ಗಡಿಯಾರದ ಭಾಜಕ) 1, ಒಸಿಆರ್1ಎ (ಆ ಅಂಕಿ) 199 ಕೊಟ್ಟರೆ ಸರಿಯಾಗಿ 40 ಕಿಲೋಹರ್ಟ್ಜ್. 9 ಮತ್ತು 10ನೇ ಪಿನ್‌ಗಳನ್ನು ಒಂದಕ್ಕೊಂದು ವಿರುದ್ಧ ತಿರುಗಿಸಿದರೆ ಟ್ರಾನ್ಸ್‌ಡ್ಯೂಸರಿಗೆ (ವಿದ್ಯುತ್ತನ್ನು ಸಪ್ಪಳವಾಗಿಸುವ ಭಾಗಕ್ಕೆ) 5ರ ಬದಲು 10 ವೋಲ್ಟಿನ ಏರಿಳಿತ ಸಿಗುತ್ತದೆ. ನಡುವೆ 330 ಓಮ್ ರೆಸಿಸ್ಟರ್ ಇರಲೇಬೇಕು. ಟ್ರಾನ್ಸ್‌ಡ್ಯೂಸರ್ ಅಂದರೆ ಕೆಪಾಸಿಟರೇ, ಒಮ್ಮೆಲೇ ಕರೆಂಟ್ ಎಳೆಯುತ್ತದೆ, ಪಿನ್ನಿನ ಮಿತಿ 40 ಮಿಲಿಆಂಪ್. ಮುರಾಟಾ ಕಂಪನಿಯ ಎಂಎ40ಎಸ್4ಎಸ್ ಟ್ರಾನ್ಸ್‌ಡ್ಯೂಸರ್ 10 ವೋಲ್ಟ್ ಆರ್‌ಎಂಎಸ್‌ಗೆ (ಏರಿಳಿತದ ಪರಿಣಾಮಕಾರಿ ಸರಾಸರಿ) 30 ಸೆಂ.ಮೀ.ನಲ್ಲಿ 120 ಡೆಸಿಬೆಲ್ ಕೊಡುತ್ತದೆ. ನಮ್ಮ ಚೌಕ ಅಲೆಯ ಮೂಲ ಕಂಪನ 4.5 ವೋಲ್ಟ್ ಆರ್‌ಎಂಎಸ್, ಅಂದರೆ ಸುಮಾರು 7 ಡೆಸಿಬೆಲ್ ಕಡಿಮೆ, 113. ಕಿವಿಗೆ ಕೇಳುವ ಸಪ್ಪಳ ಇಷ್ಟಿದ್ದರೆ ಅಂಗಡಿಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ನಾಯಿಗೆ ಸುಮಾರು 45 ಕಿಲೋಹರ್ಟ್ಜ್‌ವರೆಗೂ ಕೇಳುತ್ತದೆ. ಅಂಗಡಿ ಮುಂದೆ ಮಲಗಿದ್ದ ನಾಯಿಯನ್ನು ಮೊದಲು ದೂರ ಕಳಿಸಿದ್ದು ಅದಕ್ಕೇ.

ಅಳೆಯುವುದೇ ಕಷ್ಟದ ಕೆಲಸ. ಬೋರ್ಡಿನಲ್ಲಿ ವೋಲ್ಟೇಜ್ ಓದುವ ಆಜ್ಞೆ ಅನಲಾಗ್‌ರೀಡ್ ಸೆಕೆಂಡಿಗೆ 9,600 ಸಲವಷ್ಟೇ ಓದುತ್ತದೆ, ಅಲೆಯನ್ನೇ ಹಿಡಿಯಲಾಗದು. ಅದಕ್ಕೆ ಎದುರಿಟ್ಟ ರಿಸೀವರಿನ (ಸಪ್ಪಳವನ್ನು ವಿದ್ಯುತ್ತಾಗಿಸುವ ಜೋಡಿ) 60 ಮಿಲಿವೋಲ್ಟಷ್ಟು ಸಿಗ್ನಲನ್ನು 20 ಪಟ್ಟು ಹಿಗ್ಗಿಸಿ, ಷಾಟ್ಕಿ ಡಯೋಡ್, 100 ನ್ಯಾನೋಫ್ಯಾರಡ್, 10 ಕಿಲೋಓಮ್ ಹಾಕಿ ಅಲೆಯ ತುದಿಯ ಎತ್ತರವನ್ನಷ್ಟೇ ಬೋರ್ಡಿನ ಎ0 ಪಿನ್ನಿಗೆ ಕೊಡಬೇಕು. ಹಿಗ್ಗಿಸುವ ಚಿಪ್ ಎಲ್ಎಂ358 ಇಲ್ಲಿ ಸೋಲುತ್ತದೆ. 40 ಕಿಲೋಹರ್ಟ್ಜ್‌ನಲ್ಲಿ 1.8 ವೋಲ್ಟ್ ಏರಲು ಮೈಕ್ರೋಸೆಕೆಂಡಿಗೆ 0.45 ವೋಲ್ಟ್ ಬೇಕು, ಅದರ ವೇಗ 0.3. ಅದರ ಬದಲು ಟಿಎಲ್072ಕ್ಕೆ 12 ವೋಲ್ಟ್ ಕೊಟ್ಟರೆ ಸಾಕು. ಓದು 1.5 ವೋಲ್ಟಿನ ಹತ್ತಿರ ನಿಂತಿತು.

ಹೊರಗೆ 42 ಡಿಗ್ರಿ. ಬಿಸಿಗೆ ಟ್ರಾನ್ಸ್‌ಡ್ಯೂಸರಿನ ಅನುರಣನ (ಅದು ಅತಿ ಜೋರಾಗಿ ನುಡಿಯುವ ಕಂಪನಾಂಕ) ಕೆಳಗಿಳಿಯುತ್ತದೆ. ಒಸಿಆರ್1ಎ 201 ಮಾಡಿ 39.6 ಕಿಲೋಹರ್ಟ್ಜ್‌ಗೆ ಇಳಿಸಿದಾಗ ಓದು ಏರಿತು. ಎದುರುಬದುರು ಇಟ್ಟ ಎರಡರ ನಡುವೆ ಸಪ್ಪಳ ಹೋಗಿಬಂದು ನಿಂತ ಅಲೆಯೂ ಕಟ್ಟುತ್ತದೆ, ನಾಲ್ಕೂವರೆ ಮಿ.ಮೀ. ಸರಿಸಿದರೆ ಒಂದು ಏರಿಳಿತ ಪೂರ್ತಿ. ಒಂದೇ ಜಾಗದ ಓದನ್ನು ನಂಬಬಾರದು.

ಕಾಕಾ ಡಬ್ಬಿ ಇಟ್ಟಾಗ ಅಂಕಿ ಆಗಾಗ ಚಿಮ್ಮಿ ಬಿತ್ತು. ಅದರ ಕಂಪನಾಂಕ ಓಡಾಡುತ್ತದೆ, ನನ್ನ ರಿಸೀವರ್ 40ರ ಆಸುಪಾಸು ಮಾತ್ರ ಕೇಳುತ್ತದೆ. ಸಪ್ಪಳ ಇದೆ ಎನ್ನಬಹುದು, ಎಷ್ಟು ಜೋರು ಎನ್ನಲು ಇದು ಸಾಲದು. ಹಾಗೇ ಹೇಳಿದೆ.

"ಆತ್ರಿ. ಈಗ ನಡುವ ಇದು ಹಿಡೀರಿ," ಅಂತ ಖಾಲಿ ಗೋಣಿಚೀಲ ಮಡಿಸಿ ಕೊಟ್ಟರು. ನನ್ನ ಟ್ರಾನ್ಸ್‌ಡ್ಯೂಸರಿನ ಮುಂದೆ ಹಿಡಿದೆ. 1.5 ದಾಟಿದ್ದ ಓದು ಸೊನ್ನೆಯ ಹತ್ತಿರ ಬಂತು. ಕಾಕಾ ಮೇಲ್ಛಾವಣಿವರೆಗೆ ಒಟ್ಟಿದ ತೊಗರಿ ಚೀಲಗಳನ್ನೊಮ್ಮೆ ನೋಡಿದರು.

"ಇಲಿ ಇರೋದು ಅದರ ಹಿಂದರೀ."