ಪಾವರ್ತಮ್ಮ ಅಂತ ನಮ್ಮಲ್ಲಿ ಯಾರೂ ಇಲ್ಲ

ಈ ವಾರ ಯುಎಟಿಯಲ್ಲಿ, ಅಂದರೆ ಹೊಸ ಸಾಫ್ಟ್‌ವೇರನ್ನು ಬಳಸುವವರೇ ಕೂತು ಪರೀಕ್ಷಿಸುವ ಹಂತದಲ್ಲಿ, ಕೇಳಿದ ಮಾತಿದು. ತಾಲ್ಲೂಕಿನ ಸಹಕಾರ ಸಂಘವೊಂದರ ಸದಸ್ಯರ ಪಟ್ಟಿ, ಷೇರು, ಠೇವಣಿ, ಸಾಲ ಎಲ್ಲವನ್ನೂ ಹಳೆ ಸಾಫ್ಟ್‌ವೇರಿನಿಂದ ಹೊಸದಕ್ಕೆ ಸಾಗಿಸಿ ಮುಗಿದಿತ್ತು. ಪರೀಕ್ಷೆಗೆ ಕೂತಿದ್ದ ಸಂಘದ ಗುಮಾಸ್ತೆ ಮೇಡಂ ಪಟ್ಟಿ ತಿರುವಿ ನೋಡಿದವರೇ, "ಪಾವರ್ತಮ್ಮ ಅಂತ ನಮ್ಮಲ್ಲಿ ಯಾರೂ ಇಲ್ಲ ಸರ್. ಪಾರ್ವತಮ್ಮ ಇದ್ದಾರೆ" ಅಂದರು. ಕಾಲ್‌ನಲ್ಲಿದ್ದ ಪ್ರಾಜೆಕ್ಟ್ ಮ್ಯಾನೇಜರ್ ಕೊಟ್ಟ ಉತ್ತರ: "ಮೇಡಂ, ಕೌಂಟ್ ಮ್ಯಾಚ್ ಆಗಿದೆ. ಒಂದೂ ರೆಕಾರ್ಡ್ ಬಿಟ್ಟುಹೋಗಿಲ್ಲ."

ಇಬ್ಬರು ಹೇಳಿದ್ದೂ ನಿಜ. ಹಳೆಯದರಲ್ಲಿ ಎಷ್ಟು ಸಾಲು ಇತ್ತೋ ಹೊಸದರಲ್ಲೂ ಅಷ್ಟೇ ಇತ್ತು. ಖಾಲಿ ಹೆಸರು ಒಂದೂ ಇರಲಿಲ್ಲ. ಷೇರು ಬಂಡವಾಳದ ಮೊತ್ತ ಪೈಸೆ ಸಮೇತ ತಾಳೆಯಾಗಿತ್ತು. ಡೇಟಾ ಸಾಗಿಸುವಾಗ ಎಲ್ಲರೂ ಮಾಡುವ ಈ ಮೂರು ತಪಾಸಣೆಯೂ ಹಸಿರು ತೋರಿಸಿದ್ದವು. ಆದರೂ ಪಾರ್ವತಮ್ಮ ಸಂಘದಿಂದ ಕಾಣೆಯಾಗಿದ್ದರು.

ಕಾರಣ ಹಳೆ ಫೈಲಿನಲ್ಲಿದೆ. ಅದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಎಂಟು ಬಿಟ್ ಫಾಂಟಿನಲ್ಲಿ ಟೈಪ್ ಮಾಡಿದ್ದು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡಿಗೆ ಕನ್ನಡ 1991ರಲ್ಲೇ ಸೇರಿತ್ತಾದರೂ ಕಚೇರಿಗಳ ಕಂಪ್ಯೂಟರಿಗೆ ಬರೋಕೆ ವರ್ಷಗಳೇ ಹಿಡಿದವು. ಅಷ್ಟು ದಿನ ಕನ್ನಡದಲ್ಲಿ ಕೆಲಸ ನಡೆದದ್ದು ಇಂಥ ಫಾಂಟುಗಳಿಂದಲೇ, ಆ ಉಪಕಾರ ಸಣ್ಣದಲ್ಲ. ಆದರೆ ಅಲ್ಲಿ ಸೇವ್ ಆಗುವುದು ಅಕ್ಷರವಲ್ಲ, ಅಕ್ಷರದ ತುಣುಕು, ಅದೂ ಕಣ್ಣಿಗೆ ಎಡದಿಂದ ಬಲಕ್ಕೆ ಕಾಣುವ ಕ್ರಮದಲ್ಲಿ. "ಮ" ಅನ್ನುವುದು ಒಂದೇ ತುಣುಕೂ ಅಲ್ಲ, "ವ"ಗೆ ಬಾಲ ಸೇರಿಸಿದರೆ "ಮ". ಅರ್ಕಾವತ್ತು ಕಣ್ಣಿಗೆ ಅಕ್ಷರದ ಬಲಕ್ಕೆ ಕಾಣುತ್ತದಲ್ಲ, ಫೈಲಿನಲ್ಲೂ ಅಕ್ಷರದ ನಂತರವೇ ಕೂರುತ್ತದೆ. ಯೂನಿಕೋಡ್ ನಾವು ಉಚ್ಚರಿಸುವ ಕ್ರಮ ಹಿಡಿಯುತ್ತದೆ. ಮೊದಲು ರ, ಆಮೇಲೆ ಹಲಂತ (ಸ್ವರ ತೆಗೆಯುವ ಚಿಹ್ನೆ), ಆಮೇಲೆ ವ.

ಡೆವಲಪರ್ ಬರೆದ ಕನ್ವರ್ಟರ್ ತುಣುಕಿಗೆ ತುಣುಕು ಬದಲಿಸುತ್ತಾ ಹೋಗಿದೆ. ಹಾಗಾಗಿ ಪಾರ್ವತಮ್ಮ ಪಾವರ್ತಮ್ಮ ಆದರು, ದುರ್ಗಪ್ಪ ದುಗರ್ಪ್ಪ ಆದರು, ಸೂರ್ಯ ಸೂಯರ್ ಆದ. ಹಳೆ ವೆಬ್‌ಸೈಟುಗಳಲ್ಲಿ "ಕನಾರ್ಟಕ" ಅಂತ ಓದಿದ ನೆನಪಿದ್ದರೆ, ಅದೂ ಇದೇ ಕಾಯಿಲೆ. ಆ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಮಾದರಿ ಅಂತ ಕೊಟ್ಟದ್ದು ಪಟ್ಟಿಯ ಮೊದಲ ಪುಟವಂತೆ: ಮಂಜುನಾಥ, ನಾಗಮ್ಮ, ಬಸವರಾಜ, ಗೌರಮ್ಮ. ಒಬ್ಬರಲ್ಲೂ ಅರ್ಕಾವತ್ತಿಲ್ಲ.

ಸರಿಪಡಿಸುವ ನಿಯಮ ಕಷ್ಟದ್ದಲ್ಲ, ಆದರೆ ಅರ್ಧ ಮಾಡಿದರೆ ಇನ್ನೂ ಕೆಡುತ್ತದೆ. ಅರ್ಕಾವತ್ತಿನ ತುಣುಕು ಸಿಕ್ಕರೆ ಹಿಂದಿನ ಸ್ವರಚಿಹ್ನೆ, ಒತ್ತು, ಮೂಲ ವ್ಯಂಜನ ಅಷ್ಟನ್ನೂ ದಾಟಿ ಹಿಂದೆ ಹೋಗಬೇಕು, ಅಲ್ಲಿ ರ ಮತ್ತು ಹಲಂತ ಇಡಬೇಕು. ಒಂದೇ ಹೆಜ್ಜೆ ಹಿಂದೆ ಹೋದರೆ ಪಾರ್ವತಮ್ಮ ಸರಿಯಾಗುತ್ತಾರೆ, ಅರ್ಜುನ ಹಾಳಾಗುತ್ತಾನೆ. ಜಕಾರಕ್ಕೂ ಅದರ ಕೊಂಬಿಗೂ ನಡುವೆ "ರ್" ನುಗ್ಗಿ, ಕೊಂಬು ಚುಕ್ಕಿ ವೃತ್ತದ (ಆಸರೆಯ ಅಕ್ಷರವಿಲ್ಲದ ಚಿಹ್ನೆಗೆ ಕಂಪ್ಯೂಟರ್ ತೋರಿಸುವ ◌) ಮೇಲೆ ಒಂಟಿಯಾಗಿ ನಿಲ್ಲುತ್ತದೆ. "ಮ" ವಿಷಯದಲ್ಲಿ ಉದ್ದನೆಯ ಜೋಡಿ (ವ ಮತ್ತು ಬಾಲ) ಮೊದಲು ಹೊಂದಿಸಿ, ಆಮೇಲೆ ಗಿಡ್ಡದ್ದು (ಬರೀ ವ). ಇಲ್ಲದಿದ್ದರೆ ಊರಿನ ಅಮ್ಮಂದಿರೆಲ್ಲ ವಕಾರಕ್ಕೆ ತಿರುಗುತ್ತಾರೆ.

ನನ್ನನ್ನು ಕಾಡುತ್ತಿರುವುದು ಬೇರೆ. "ಪಾವರ್ತಮ್ಮ ಅಂತ ನಮ್ಮಲ್ಲಿ ಯಾರೂ ಇಲ್ಲ" ಅನ್ನುವುದನ್ನು ಯಾವ ತಪಾಸಣೆಯ ಪ್ರೋಗ್ರಾಮೂ ಹೇಳಲಾರದು. ಚುಕ್ಕಿ ವೃತ್ತ ಬಂದರೆ ಹಿಡಿಯಬಹುದು, ಎರಡು ಸ್ವರಚಿಹ್ನೆ ಒಟ್ಟಿಗೆ ಬಂದರೆ ಹಿಡಿಯಬಹುದು, ಹೆಸರು ಹಲಂತದಿಂದ ಶುರುವಾದರೆ ಹಿಡಿಯಬಹುದು. ಪಾವರ್ತಮ್ಮ ಮಾತ್ರ ಯಂತ್ರದ ಲೆಕ್ಕಕ್ಕೆ ಅಚ್ಚುಕಟ್ಟಾದ ಕನ್ನಡ ಪದ. "ರ್ತ" ಕೀರ್ತಿಯಲ್ಲೂ ಇದೆ, ಮೂರ್ತಿಯಲ್ಲೂ ಇದೆ. "ರ್"ನಿಂದ ಮುಗಿಯುವ ಹೆಸರು ಹುಡುಕೋಣ ಅಂದರೆ ಶಂಕರ್, ಕುಮಾರ್ ಎಲ್ಲ ಎದ್ದು ಬರುತ್ತಾರೆ. ಹೊಸ ಡೇಟಾದಲ್ಲಿ ಎಷ್ಟು ಜಾಲಾಡಿದರೂ ಪ್ರಯೋಜನವಿಲ್ಲ. ಹುಡುಕಬೇಕಾದ್ದು ಹಳೆಯದರಲ್ಲಿ. ಅಲ್ಲಿ ಅರ್ಕಾವತ್ತಿಗೆ ಒಂದೇ ಸಂಕೇತ, ಆ ಸಂಕೇತವಿರುವ ಸಾಲುಗಳನ್ನೆಲ್ಲ ಒಂದೇ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ತೆಗೆದರೆ ಅಪಾಯದಲ್ಲಿರುವ ಹೆಸರುಗಳ ಪೂರ್ತಿ ಪಟ್ಟಿ ಕೈಗೆ ಬರುತ್ತದೆ. ಮಾದರಿ ಆರಿಸುವುದೂ ಹೀಗೇ: ಮೊದಲ ನೂರು ಸಾಲು ಬೇಡ, ಫಾಂಟಿನ ಪ್ರತಿ ತುಣುಕಿಗೂ ಇಪ್ಪತ್ತು ಹೆಸರಾದರೂ ಇರಲಿ.

ಇದೇ ಫೈಲಿನಲ್ಲಿ ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ಫಾಂಟಿನಲ್ಲಿ ದೀರ್ಘ ಬೇರೆ ತುಣುಕಾದ್ದರಿಂದ "ಲಕ್ಷ್ಮೀ"ಯ ಈಕಾರ ಕೆಲವು ಕಡೆ ಗುಡಿಸು ಮತ್ತು ದೀರ್ಘ ಅಂತ ಎರಡು ಸಂಕೇತವಾಗಿ ಬಂದಿದೆ, ಕೀಬೋರ್ಡಿನಲ್ಲಿ ಟೈಪಿಸಿದರೆ ಒಂದೇ ಸಂಕೇತ. ಪರದೆಯ ಮೇಲೆ ಎರಡೂ ಒಂದೇ ಥರ, ಹುಡುಕಿದರೆ ಸಿಗುವುದಿಲ್ಲ. ಲೋಡ್ ಮಾಡುವ ಮೊದಲು ಇಂಥ ಜೋಡಿಗಳನ್ನು ಒಂದೇ ಸಂಕೇತಕ್ಕೆ ತರುವ ಎನ್‌ಎಫ್‌ಸಿ ನಾರ್ಮಲೈಸೇಶನ್ ಓಡಿಸಿದರೆ ಸರಿಹೋಗುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಒತ್ತಿದ "ಗ೦ಗಮ್ಮ"ಗೆ ಅದೂ ಸಾಲದು, ಅಕ್ಷರಗಳ ನಡುವೆ ಅಂಕಿ ಇದೆಯಾ ಅಂತ ಬೇರೆಯೇ ತಪಾಸಣೆ ಬೇಕು. "ಅನಗತ್ಯ ಚಿಹ್ನೆ ತೆಗೆ" ಅನ್ನುವ ಹೆಜ್ಜೆಯನ್ನಂತೂ ಕಣ್ಣುಮುಚ್ಚಿ ಹಾಕಬೇಡಿ. ರಾಜ್‌ಕುಮಾರ್‌ನಲ್ಲಿ ಜಕಾರವನ್ನೂ ಕಕಾರವನ್ನೂ ಬೇರೆ ಇಡುವುದು ಅಗಲವಿಲ್ಲದ ಒಂದು ಸಂಕೇತ. ಅದು ಹೋದರೆ ರಾಜ್ಕುಮಾರ್.

ಕಾಲಂ ಅಳತೆಯದೂ ಇದೇ ಕಥೆ. "ಹೆಸರಿಗೆ 50 ಸಾಕು" ಅಂತ ಯಾರೋ ಬರೆದಿದ್ದಾರೆ. ಲಕ್ಷ್ಮೀನಾರಾಯಣಪ್ಪ ಕಣ್ಣಿಗೆ ಏಳು ಅಕ್ಷರ, ಯೂನಿಕೋಡಿನಲ್ಲಿ 16 ಸಂಕೇತ, ಅದನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ತಲಾ ಮೂರರಂತೆ 48 ಬೈಟ್. ಒಂದು ಖಾಲಿ ಜಾಗ, "ಕೆ" ಅನ್ನುವ ಇನಿಷಿಯಲ್ ಸೇರಿಸಿ: 55. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸುಗಳು ಸಂಕೇತ ಎಣಿಸುತ್ತವೆ, ತೊಂದರೆಯಿಲ್ಲ. ಒರಾಕಲ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಆ 50 ಬೈಟ್ ಲೆಕ್ಕ, "50 ಚಾರ್" ಅಂತ ಬಿಡಿಸಿ ಬರೆಯಬೇಕು.

ಮೇಡಂ ಹೇಳಿದ್ದನ್ನು ಡಿಫೆಕ್ಟ್ ಆಗಿ ದಾಖಲಿಸಿದಾಗ ಅದಕ್ಕೆ ಬಿದ್ದ ಗುರುತು "ಕಾಸ್ಮೆಟಿಕ್, ಸಿವಿಯಾರಿಟಿ 4", ಅಂದರೆ ಬರೀ ತೋರಿಕೆಯ ಸಣ್ಣ ದೋಷ; 1 ಅಂದರೆ ಅತಿ ಗಂಭೀರ. ಬಟನ್ನಿನ ಬಣ್ಣ ಮಂಕಾದರೂ ಇದೇ ಗುರುತು ಬೀಳುತ್ತದೆ. ಷೇರು ಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅಲೆಯುವುದು ಪಾರ್ವತಮ್ಮ. ಸಂಘದ ಚುನಾವಣೆಗೆ ಮತದಾರರ ಪಟ್ಟಿ ಹೊರಡುವುದೂ ಇದೇ ಸದಸ್ಯರ ಪಟ್ಟಿಯಿಂದ. ಮ್ಯಾನೇಜರ್ ಕೆಟ್ಟವರೇನಲ್ಲ, ಗೋ-ಲೈವ್ (ಹೊಸ ಸಾಫ್ಟ್‌ವೇರ್ ಬಳಕೆಗೆ ಬರುವ) ದಿನಾಂಕ ಅವರ ಕುತ್ತಿಗೆಯ ಮೇಲಿದೆ. ಆದರೆ ಮನುಷ್ಯರನ್ನು ಗುರುತು ಹಿಡಿದು ಮಾತಾಡುವವರಿಗೆ ಎಣಿಕೆಯನ್ನು ಉತ್ತರವಾಗಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. "ಯಾರೂ ಇಲ್ಲ" ಅಂತ ಅವರು ಹೇಳಿದ್ದು ಕಾಗುಣಿತದ ದೂರಲ್ಲ. ಆ ಹೆಸರಿನಲ್ಲಿ ಸಾಲ ಕೊಡಲು, ಷೇರು ಬರೆಯಲು, ಸಹಿ ಹಾಕಿಸಲು ಒಬ್ಬ ವ್ಯಕ್ತಿಯೇ ಇಲ್ಲ ಅಂತ ಹೇಳಿದ್ದು. ಸಿವಿಯಾರಿಟಿ 1ಕ್ಕೆ ಇದಕ್ಕಿಂತ ಇನ್ನೇನು ಬೇಕು? ಸಿಸ್ಟಮ್ಸ್ ಅನಾಲಿಸ್ಟ್ ಅನ್ನಿಸಿಕೊಂಡವರು ಇಂಥ ಕಡೆ ಪಟ್ಟು ಬಿಡಬಾರದು. ಗುರುತು ಬದಲಾಗಿದೆ, ಎರಡನೇ ಸುತ್ತು ನಿಗದಿಯಾಗಿದೆ.

ಆ ಸುತ್ತಿಗೆ ಮೇಡಂ ಕೇಳಿದ್ದು ಕಾಗದದ ಮೇಲೆ ಮುದ್ರಿಸಿದ ಪಟ್ಟಿ. "ಸದಸ್ಯತ್ವ ನಂಬರ್ ಪ್ರಕಾರ ಬೇಡ ಸರ್, ಊರಿನ ಪ್ರಕಾರ ಕೊಡಿ. ಗಂಡನ ಹೆಸರೋ ಅಪ್ಪನ ಹೆಸರೋ ಪಕ್ಕದಲ್ಲೇ ಇರಲಿ, ಯಾವ ಮನೆಯವರು ಅಂತ ಗೊತ್ತಾಗುತ್ತೆ." ಊರು, ಹೆಸರು, ತಂದೆ ಅಥವಾ ಗಂಡನ ಹೆಸರು, ಗುರುತು ಹಾಕಲು ಒಂದು ಖಾಲಿ ಕಾಲಂ. ಊರೊಳಗೆ ಹೆಸರುಗಳು ರಿಜಿಸ್ಟರಿನ ಅಕಾರಾದಿಯಲ್ಲೇ ಬರಬೇಕು. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಳಕಾರ ವಕಾರಕ್ಕಿಂತ ಮೊದಲೇ ಬಂದುಬಿಡುತ್ತದೆ, ಕಾವೇರಮ್ಮನ ಆಮೇಲೆ ಇರಬೇಕಾದ ಕಾಳಮ್ಮ ಮೇಲೆ ಹೋಗುತ್ತಾರೆ. ಆ ಕ್ವೆರಿಗೆ ಕನ್ನಡದ ಕೊಲೇಶನ್ (ಅಕಾರಾದಿ ಜೋಡಣೆಯ ನಿಯಮ) ಹಾಕಿಸುವ ಕೆಲಸ ಇನ್ನೂ ಬಾಕಿ.