‘ಕಡಿಮೆ ದುಡ್ಡಿಗೆ ಒಳ್ಳೇ ಕಾರ್ಬನ್ ಬ್ಯಾಟ್ ಯಾವುದು ಸರ್?’

ವಾರಕ್ಕೆ ಎರಡು ಸಲವಾದರೂ ಯಾರಾದರೂ ನನಗೆ ಈ ಪ್ರಶ್ನೆ ಕೇಳುತ್ತಾರೆ. ಕ್ಲಬ್ಬಿನಲ್ಲಿ ಶೂ ಲೇಸು ಕಟ್ಟುತ್ತಿರುವಾಗ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಕೇಳುತ್ತಾರೆ. ಇಪ್ಪತ್ತು ವರ್ಷ ದಾಟಿತು ನಾನು ಟೇಬಲ್ ಟೆನಿಸ್ ಆಡಲು ಶುರುಮಾಡಿ. ಸಂಜೆ ಮಕ್ಕಳಿಗೂ ಆಡಿಸುತ್ತೇನೆ. ಅಗ್ಗದ ಬ್ಲೇಡುಗಳನ್ನು, ಅಂದರೆ ರಬ್ಬರ್ ಇಲ್ಲದ ಬರೀ ಬ್ಯಾಟಿನ ಹಲಗೆಗಳನ್ನು ತರಿಸಿ, ರಬ್ಬರ್ ಅಂಟಿಸಿ, ಕಿತ್ತು, ಇನ್ನೊಂದಕ್ಕೆ ಅಂಟಿಸಿ ನೋಡುವುದು ನನಗೆ ಅಂಟಿದ ಗೀಳು. ಹಾಗಾಗಿ ನನ್ನನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಎರಡು ಮಾತು ದಾಟುವಷ್ಟರಲ್ಲಿ ‘ಅದೆಲ್ಲ ಬೇಡ ಸರ್, ಒಂದು ಹೆಸರು ಹೇಳಿಬಿಡಿ’ ಅನ್ನುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ‘ಕಾರ್ಬನ್ ಬ್ಯಾಟ್’ ಅನ್ನುವ ಮಾತನ್ನೇ ಬಿಡಿ. ಅಂಥದೊಂದು ಬ್ಯಾಟ್ ನಿಯಮದಲ್ಲೇ ಇಲ್ಲ. ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ನಿನ ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಕನಿಷ್ಠ ಶೇ. 85ರಷ್ಟು ನೈಸರ್ಗಿಕ ಮರವೇ ಇರಬೇಕು. ನಡುವಿನ ಅಂಟಿನ ಪದರಕ್ಕೆ ಕಾರ್ಬನ್ನಿನಂಥ ನಾರು ಸೇರಿಸಬಹುದು. ಆ ಪದರ ಒಟ್ಟು ದಪ್ಪದ ಶೇ. 7.5 ಅಥವಾ 0.35 ಮಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮೀರುವ ಹಾಗಿಲ್ಲ. 5.8 ಮಿ.ಮೀ. ದಪ್ಪದ ಬ್ಲೇಡ್ ಅಂದರೆ ಅದರಲ್ಲಿ 4.93 ಮಿ.ಮೀ. ಮರವಾದರೂ ಇರಲೇಬೇಕು. ನೀವು ಕುಣಿದಾಡುವ ಆ ಕಾರ್ಬನ್ ಪದರ ಮೂರು ಹಾಳೆ ಕಾಗದ ಒತ್ತಿಟ್ಟಷ್ಟು ದಪ್ಪ. ಬ್ಲೇಡಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಮರದ ಪದರಗಳ ನಡುವೆ ಪೆನ್ಸಿಲ್ಲಿನಲ್ಲಿ ಗೀಚಿದ ಹಾಗೆ ಎರಡು ಕಪ್ಪು ಗೆರೆ ಕಾಣುತ್ತವೆ. ಅಷ್ಟೇ. ಮಿಕ್ಕದ್ದೆಲ್ಲ ಮರ. ಆ ಮರ ಯಾವುದು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ.

ಇಷ್ಟು ಖಾರವಾಗಿ ಮಾತಾಡಲು ಒಂದು ಕಾರಣವಿದೆ. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಕ್ವಾರ್ಟರ್ ಫೈನಲ್ ತಲುಪಿತು. ಜರ್ಮನಿಯ ಎದುರು 1–3ರಲ್ಲಿ ಸೋತರೂ ಆ ಒಂದು ಪಂದ್ಯ ಗೆದ್ದುಕೊಟ್ಟವಳು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್. ಅದಾದ ಮೇಲೆ ಶಿವಮೊಗ್ಗದಲ್ಲೂ ನಾವು ಆಡುವ ಹಾಲಿಗೆ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಹೆಚ್ಚಾದರು. ಅವರಲ್ಲೊಬ್ಬರು ಹನ್ನೊಂದು ವರ್ಷದ ಮಗನ ಜೊತೆ ಬಂದರು. ಹುಡುಗನ ಕೈಯಲ್ಲಿ ಹೊಸ ಬ್ಯಾಟು. ‘ಫುಲ್ ಕಾರ್ಬನ್ ಸರ್, ಅಂಗಡಿಯವರೇ ಹೇಳಿ ಕೊಟ್ಟರು’ ಅಂದರು ಅಪ್ಪ. ಸಾಲ ಮಾಡಿ ಕೊಡಿಸಿದ್ದಲ್ಲ ನಿಜ, ಆದರೂ ಒಂದು ತಿಂಗಳ ಮನೆ ಸಾಮಾನಿನ ದುಡ್ಡು ಅದು, ಅವರ ಮುಖವೇ ಹೇಳುತ್ತಿತ್ತು.

ಹುಡುಗ ಚುರುಕಾಗಿದ್ದ. ಕಾಲು ಓಡುತ್ತಿತ್ತು, ಕಣ್ಣು ಚೆಂಡಿನ ಮೇಲೇ ಇರುತ್ತಿತ್ತು. ನಾನು ಕಟ್ ಚೆಂಡು, ಅಂದರೆ ಹಿಮ್ಮುಖವಾಗಿ ಸುತ್ತುವ ಚೆಂಡು ಕೊಟ್ಟೆ. ಅವನು ಕೆಳಗಿನಿಂದ ಎತ್ತಿದ. ಚೆಂಡು ಟೇಬಲ್ಲಿನ ಆಚೆ ಒಂದು ಮಾರು ದೂರ ಹೋಗಿ ಬಿತ್ತು. ಮತ್ತೆ ಕೊಟ್ಟೆ, ಮತ್ತೆ ಆಚೆಗೆ. ಹೆದರಿ ಕೈ ಬಿಗಿಹಿಡಿದ, ಆಗ ನೆಟ್ಟಿಗೆ ಹೋಯಿತು. ಇಪ್ಪತ್ತು ಚೆಂಡು ಹೀಗೇ. ಅಪ್ಪ ಗೋಡೆಗೆ ಒರಗಿ ‘ಜೋರಾಗಿ ಹೊಡೀ, ಕಾರ್ಬನ್ ಅದು!’ ಎಂದು ಕೂಗುತ್ತಲೇ ಇದ್ದರು. ಹುಡುಗನ ಕಣ್ಣಲ್ಲಿ ನೀರು ತುಂಬಿತು. ನಾನು ನನ್ನ ಚೀಲದಿಂದ ಐದು ಪದರದ ಬರೀ ಮರದ ಹಳೇ ಬ್ಲೇಡೊಂದನ್ನು ತೆಗೆದುಕೊಟ್ಟೆ. ಅಂಚು ಕಿತ್ತುಹೋಗಿ ಟೇಪು ಸುತ್ತಿದ್ದು. ಮೂರನೇ ಚೆಂಡು ಟೇಬಲ್ಲಿನ ಮೇಲೆ ಬಿತ್ತು, ಏಳನೆಯದೂ ಬಿತ್ತು, ಆಮೇಲೆ ಸಾಲಾಗಿ ನಾಲ್ಕು. ಹುಡುಗ ಬ್ಯಾಟನ್ನು ತಿರುಗಿಸಿ ನೋಡಿ ‘ಇದರಲ್ಲಿ ಚೆಂಡು ಸ್ವಲ್ಪ ಹೊತ್ತು ನಿಂತುಕೊಳ್ಳುತ್ತೆ ಸರ್’ ಅಂದ.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಚೆಂಡು ರಬ್ಬರಿಗೆ ತಾಗಿರುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಬ್ಯಾಟು ಯಾವುದೇ ಇರಲಿ, ಕೈಗೆ ಸುದ್ದಿ ಮುಟ್ಟುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಹುಡುಗನಿಗೆ ಗೊತ್ತಾಗಿದ್ದು ಚೆಂಡು ಹೋದ ಮೇಲೆ ಮರದಲ್ಲಿ ಉಳಿದ ನಡುಕ. ಹಿಡಿಯ ಮೂಲಕ ಬೆರಳಿಗೆ ಬಂದ ವರದಿ. ಫೀಲ್, ಫೀಲ್ ಎಂದು ನಾವು ಹೇಳುವುದು ಇದನ್ನೇ. ಬರೀ ಮರದ ತೆಳು ಬ್ಲೇಡು ನಿಧಾನವಾಗಿ, ದೊಡ್ಡದಾಗಿ ನಡುಗುತ್ತದೆ. ವರದಿ ಉದ್ದ, ವಿವರವೂ ಹೆಚ್ಚು: ಎಲ್ಲಿ ತಾಗಿತು, ಎಷ್ಟು ಉಜ್ಜಿತು, ಎಷ್ಟು ಗುದ್ದಿತು ಎಲ್ಲ ಗೊತ್ತಾಗುತ್ತದೆ. ಕಾರ್ಬನ್ ಬ್ಲೇಡನ್ನು ಬಿಗಿ ಮಾಡುತ್ತದೆ. ಆಗ ನಡುಕ ಸಣ್ಣದು, ಚುರುಕು, ಬೇಗ ಮುಗಿಯುತ್ತದೆ. ಚೆಂಡು ಬೇಗ ಹೋಗುತ್ತದೆ, ನಡುವಿಗೆ ತಾಗದೆ ಅಂಚಿನ ಕಡೆ ತಾಗಿದರೂ ಹೆಚ್ಚು ಸಾಯುವುದಿಲ್ಲ, ಎದುರಾಳಿಯ ಏಟನ್ನು ತಡೆಯುವ ಬ್ಲಾಕ್ ಗಟ್ಟಿಯಾಗಿ ನಿಲ್ಲುತ್ತದೆ. ಇದೆಲ್ಲ ಲಾಭವೇ. ಆದರೆ ವರದಿ ಚಿಕ್ಕದಾಯಿತು. ಕೈ ಇನ್ನೂ ಕಲಿಯುತ್ತಿರುವ ಹುಡುಗನಿಗೆ ವರದಿಯೇ ಮೇಷ್ಟ್ರು.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ತಪ್ಪದೆ ‘ನೀವು ಮಾತ್ರ ಕಾರ್ಬನ್ ಇಟ್ಟುಕೊಂಡು ನಮಗೆ ಬೇಡ ಅಂತೀರಲ್ಲ’ ಅನ್ನುತ್ತಾರೆ. ಹೌದು, ನಾನು ಆಡುವುದು ಕಾರ್ಬನ್ ಸೇರಿದ ಬ್ಲೇಡಿನಲ್ಲೇ. ಹದಿಮೂರು ವರ್ಷ ಬರೀ ಮರದಲ್ಲಿ ಆಡಿದ ಮೇಲೆ ತೆಗೆದುಕೊಂಡೆ. ನಾನು ಶುರುಮಾಡಿದ ಕಾಲದಲ್ಲಿ ವೇಗ ಬೇಕೆಂದವರು ಸ್ಪೀಡ್ ಗ್ಲೂ ಹಚ್ಚುತ್ತಿದ್ದರು. ಹಾಲಿನ ಬಾಗಿಲಲ್ಲೇ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅದು ರಬ್ಬರಿನ ಕೆಳಗಿನ ಸ್ಪಾಂಜನ್ನು ಉಬ್ಬಿಸಿ ಚೆಂಡನ್ನು ಕವಣೆಯ ಹಾಗೆ ಎಸೆಯುತ್ತಿತ್ತು, ಮರದ ಬ್ಲೇಡೇ ಸಾಕಾಗುತ್ತಿತ್ತು. ಆವಿ ಆರೋಗ್ಯಕ್ಕೆ ಕೆಟ್ಟದ್ದೆಂದು 2008ರಲ್ಲಿ ಅದನ್ನು ನಿಷೇಧಿಸಿದರು. ಚೆಂಡು 2000ದಲ್ಲೇ 38ರಿಂದ 40 ಮಿ.ಮೀ.ಗೆ ದೊಡ್ಡದಾಗಿತ್ತು, 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು, ಸ್ಪಿನ್ನೂ ಕಡಿಮೆಯಾಯಿತು. ಕಳೆದುಹೋದ ವೇಗವನ್ನು ಜನ ಬ್ಲೇಡಿನಲ್ಲಿ ಹುಡುಕಿದರು. ಕಾರ್ಬನ್ ಹೊಸದೇನೂ ಆಗಿರಲಿಲ್ಲ, ಬಟರ್‌ಫ್ಲೈ ಕಂಪನಿಯ ವಿಸ್ಕಾರಿಯಾ ಬ್ಲೇಡು ಬಂದದ್ದು 1993ರಲ್ಲಿ. ಆದರೆ ಅದನ್ನೇ ಎಲ್ಲರೂ ಬೆನ್ನುಹತ್ತಿದ್ದು ಇತ್ತೀಚೆಗೆ. ವಿಸ್ಕಾರಿಯಾದ ನಾರು ಅರಿಲೇಟ್ ಎಂಬ ಇನ್ನೊಂದು ನಾರು ಮತ್ತು ಕಾರ್ಬನ್ ಸೇರಿಸಿ ನೇಯ್ದದ್ದು, ಎಎಲ್‌ಸಿ ಅನ್ನುತ್ತಾರೆ. ಕಾರ್ಬನ್ ಬಿಗಿ ಮಾಡುತ್ತದೆ, ಅರಿಲೇಟ್ ಚುರುಗುಟ್ಟುವ ನಡುಕವನ್ನು ಹೀರುತ್ತದೆ. ಇವತ್ತು ಕಡಿಮೆ ಬೆಲೆಗೆ ಸಿಗುವ ಚೀನಾದ ಬ್ಲೇಡುಗಳಲ್ಲಿ ಎಷ್ಟೋ ಅದರ ಮನೆತನದವೇ.

ಸರಿ, ಹೆಸರು ಬೇಕಲ್ಲ, ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಎರಡು ಶಬ್ದ ಕಲಿಯಿರಿ: ಔಟರ್, ಇನ್ನರ್. ನಾರು ಹೊರಮೈ ಮರದ ಕೆಳಗೇ ಇದ್ದರೆ ಔಟರ್. ಇನ್ನೊಂದು ಮರದ ಪದರ ದಾಟಿ, ನಡುಮರಕ್ಕೆ ಅಂಟಿಕೊಂಡಿದ್ದರೆ ಇನ್ನರ್. ನಾರು ಅದೇ, ಮರವೂ ಹೆಚ್ಚುಕಡಿಮೆ ಅದೇ, ಜಾಗ ಮಾತ್ರ ಬೇರೆ. ಹಲಗೆಯನ್ನು ಬಗ್ಗಿಸುವಾಗ ಹೆಚ್ಚು ಎಳೆತ ಬೀಳುವುದು ಹೊರಮೈಗೆ. ನಾರು ಹೊರಗೆ ಹೋದಷ್ಟೂ ಬ್ಲೇಡು ಬಾಗಲು ಒಪ್ಪುವುದಿಲ್ಲ. ಔಟರ್ ಬ್ಲೇಡು ಮೆಲ್ಲಗೆ ತಾಗಿಸಿದರೂ ಜೋರಾಗಿ ಹೊಡೆದರೂ ಒಂದೇ ದನಿಯಲ್ಲಿ ಉತ್ತರ ಕೊಡುತ್ತದೆ. ಇನ್ನರ್ ಹಾಗಲ್ಲ. ಮೆಲ್ಲಗೆ ತಾಗಿಸಿದರೆ ಮಾತಾಡುವುದು ಹೊರಗಿನ ಮರ. ಕಟ್ ಚೆಂಡನ್ನು ಮೆಲ್ಲಗೆ ತಳ್ಳುವ ಪುಶ್ ನೆಟ್ಟಿನ ಹತ್ತಿರವೇ ಚಿಕ್ಕದಾಗಿ ಬೀಳುತ್ತದೆ, ಕಟ್ ಚೆಂಡನ್ನು ಎತ್ತುವಾಗ ಧೈರ್ಯ ಬರುತ್ತದೆ. ಪೂರ್ತಿ ಮೈ ತಿರುಗಿಸಿ ಹೊಡೆದಾಗ ಏಟು ಒಳಗಿನ ನಾರಿಗೆ ಮುಟ್ಟಿ ಅದು ಒದೆಯುತ್ತದೆ.

ಇದನ್ನು ತಿಳಿಯಲು ಹಲಸಿನ ಹಣ್ಣು ತಟ್ಟಿ ನೋಡುವ ಕಿವಿ ಸಾಕು. ರಬ್ಬರ್ ಅಂಟಿಸುವ ಮೊದಲು ಬ್ಲೇಡಿನ ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದು ಚೆಂಡನ್ನು ಗೇಣುದ್ದ ಪುಟಿಸಿ. ನನ್ನ ಮೇಜಿನ ಮೇಲೆ ಈಗ ಮೂರು ಬ್ಲೇಡುಗಳಿವೆ. ಯಿನ್ಹೆ ಕಂಪನಿಯ ವಿ-14 ಪ್ರೊ: ಹೊರಮೈ ಕೋಟೊ ಎಂಬ ಗಟ್ಟಿಮರ, ಅದರ ಕೆಳಗೇ ನಾರು, ಔಟರ್. ಪುಟಿಸಿದರೆ ‘ಟಕ್’ ಎಂದು ಏರುದನಿ, ತಕ್ಷಣ ನಿಲ್ಲುತ್ತದೆ. ಡಿಎಚ್‌ಎಸ್ ಕಂಪನಿಯ ಹರಿಕೇನ್ 301: ಹೊರಮೈ ಲಿಂಬಾ, ಕೋಟೊಗಿಂತ ಮೆತ್ತಗಿನ ಮರ, ನಾರು ಇನ್ನರ್. ಚೀನಾದ ಚಾಂಪಿಯನ್ ಮಾ ಲಾಂಗ್ ಹೆಸರಿನ ಹರಿಕೇನ್ ಲಾಂಗ್ 5 ಕೂಡ ಇನ್ನರೇ, ಆದರೆ ಬೆಲೆಯಲ್ಲಿ ಅದು ಬಹಳ ಮೇಲೆ. 301ರದ್ದು ‘ಟೊಕ್’, ಕೊನೆಯಲ್ಲಿ ಸಣ್ಣ ಗುಂಯ್ ಉಳಿಯುತ್ತದೆ, ಹೆಬ್ಬೆರಳಿಗೂ ಗೊತ್ತಾಗುತ್ತದೆ. ಮೂರನೆಯದು ಯಿನ್ಹೆ ಟಿ-11 ಪ್ಲಸ್, ನಡುಮರ ಬಾಲ್ಸಾ. ನಮ್ಮ ಬೂರುಗದ ಮರ ಎತ್ತಿದವರಿಗೆ ಗೊತ್ತು, ಹಾಗೆ ಹಗುರ. ಅದರಲ್ಲಿ ಚೆಂಡು ‘ಪೊಕ್’ ಅನ್ನುತ್ತದೆ. ಮೆಲ್ಲಗಿನ ಹೊಡೆತಕ್ಕೆ ಹಿತ, ಮಣಿಕಟ್ಟು ನೋಯುವವರಿಗೆ ವರ. ಪೂರ್ತಿ ಬಲ ಹಾಕುವವರಿಗೆ ಮಾತ್ರ ಒಂದು ಹಂತದ ಮೇಲೆ ಒಳಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ನನಗೆ ಅನ್ನಿಸಿತು.

ಈಗ ನನ್ನ ಉತ್ತರ. ಟೇಬಲ್ಲಿಗೆ ಹತ್ತಿರ ನಿಂತು ಬ್ಲಾಕು, ಚುರುಕು ಹೊಡೆತ, ಮಣಿಕಟ್ಟು ಝಾಡಿಸುವ ಫ್ಲಿಕ್ಕಿನಲ್ಲಿ ಪಾಯಿಂಟು ತೆಗೆಯುವವರಾದರೆ ಔಟರ್, ಕೋಟೊ ಹೊರಮೈ. ವಿ-14 ಪ್ರೊ ಸಾಕು. ಕಟ್ ಚೆಂಡನ್ನು ಸುತ್ತಿ ಎತ್ತಿ ಆಮೇಲೆ ಹೊಡೆಯುವ ಆಟವಾದರೆ ಇನ್ನರ್, ಲಿಂಬಾ ಹೊರಮೈ. 301. ನಾನು ಆಡುವುದು ಅದರಲ್ಲೇ. ಹತ್ತರಲ್ಲಿ ಆರು ಕಟ್ ಚೆಂಡನ್ನು ಸಮಾಧಾನವಾಗಿ ಟೇಬಲ್ಲಿಗೆ ಎತ್ತಲು ಆಗದವರು ಎರಡನ್ನೂ ಕೊಳ್ಳಬೇಡಿ. ಐದು ಪದರದ ಮರದ ಬ್ಲೇಡು ತೆಗೆದುಕೊಂಡು ಮಿಕ್ಕ ದುಡ್ಡಿಗೆ ಒಳ್ಳೇ ರಬ್ಬರ್ ಹಾಕಿಸಿ. ‘ವಿಸ್ಕಾರಿಯಾ ತರಹವೇ ಇರುತ್ತಾ?’ ಎಂಬ ಮುಂದಿನ ಪ್ರಶ್ನೆಗೂ ಇಲ್ಲೇ ಹೇಳಿಬಿಡುತ್ತೇನೆ. ಸ್ನೇಹಿತರ ವಿಸ್ಕಾರಿಯಾದಲ್ಲಿ ನಾನು ಒಂದು ತಿಂಗಳು ಆಡಿದ್ದೇನೆ. ಜೋರು ಹೊಡೆತದಲ್ಲಿ ವ್ಯತ್ಯಾಸ ಹುಡುಕಿ ಹುಡುಕಿ ಸುಸ್ತಾದೆ. ವ್ಯತ್ಯಾಸ ಸಿಕ್ಕಿದ್ದು ಮೆಲ್ಲಗಿನ ಚೆಂಡಿನಲ್ಲಿ, ನೆಟ್ಟಿನ ಹತ್ತಿರ ಸರ್ವ್ ವಾಪಸು ಇಡುವಾಗ. ಅಲ್ಲಿ ದುಬಾರಿಯದು ಹೆಚ್ಚು ಹೇಳಿತು. ಆ ವ್ಯತ್ಯಾಸಕ್ಕೆ ಎಷ್ಟೋ ಪಟ್ಟು ದುಡ್ಡು ಕೊಡಬೇಕೋ ಬೇಡವೋ, ನಿಮ್ಮ ಜೇಬನ್ನೇ ಕೇಳಿ.

ನೋಡಿ, ನಾನು ಬಯಸುವ ಪ್ರಶ್ನೆ ಇಲ್ಲೇ ಬಂತು. ‘ಎಷ್ಟು ಫಾಸ್ಟ್ ಸರ್?’ ಎಂದೇ ಎಲ್ಲರೂ ಕೇಳುತ್ತಾರೆ. ‘ಮೆಲ್ಲಗೆ ಆಡಿದರೆ ಹೇಗಿರುತ್ತೆ?’ ಎಂದು ಒಬ್ಬರೂ ಕೇಳುವುದಿಲ್ಲ. ಜೋರಾಗಿ ಹೊಡೆದರೆ ಇವತ್ತಿನ ಎಲ್ಲ ಬ್ಲೇಡೂ ಫಾಸ್ಟೇ. ನಮ್ಮಂಥವರ ಪಂದ್ಯದಲ್ಲಿ ಪಾಯಿಂಟು ಹೋಗುವುದು ಸರ್ವ್ ವಾಪಸು ಇಡುವಾಗ, ಪುಶ್ ಉದ್ದವಾದಾಗ, ಮೊದಲ ಚೆಂಡು ಎತ್ತುವಾಗ. ಅವೆಲ್ಲ ಮೆಲ್ಲಗಿನ ಹೊಡೆತಗಳು. ಬ್ಲೇಡನ್ನು ಅಲ್ಲಿ ಪರೀಕ್ಷೆ ಮಾಡಿ. ತೂಕವನ್ನೂ ಕೇಳಿ. ಒಂದೇ ಮಾಡೆಲ್ಲಿನಲ್ಲಿ 84 ಗ್ರಾಂದೂ ಇರುತ್ತದೆ, 92 ಗ್ರಾಂದೂ ಇರುತ್ತದೆ, ಎರಡೂ ಬೇರೆ ಬೇರೆ ಬ್ಯಾಟು ಅನ್ನಿಸುವಷ್ಟು ಬೇರೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ತೇವ ಕುಡಿಯುತ್ತದೆ, ಅಂಟುಮೈ ರಬ್ಬರು ಜಾರುತ್ತದೆ. ಆ ದಿನಗಳಲ್ಲಿ ಹೊಸ ಬ್ಲೇಡಿನ ಬಗ್ಗೆ ತೀರ್ಮಾನ ಮಾಡಬೇಡಿ. ರಬ್ಬರ್ ಕೀಳುವಾಗ ಓರೆಯಾಗಿ, ನಿಧಾನವಾಗಿ ಎಳೆಯಿರಿ. ಹೊರಮೈಯ ಸಿಬಿರು ರಬ್ಬರಿನ ಜೊತೆ ಎದ್ದು ಬಂದಿತೆಂದರೆ ಹೊಟ್ಟೆ ಉರಿಯುತ್ತದೆ.

ಆ ಹುಡುಗ ಒಂದೂವರೆ ವರ್ಷ ನನ್ನ ಟೇಪು ಸುತ್ತಿದ ಬ್ಲೇಡಿನಲ್ಲೇ ಆಡಿದ. ‘ಫುಲ್ ಕಾರ್ಬನ್’ ಮನೆಯ ಅಟ್ಟ ಸೇರಿತು. ಹೋದ ತಿಂಗಳು ಅಪ್ಪ ಫೋನು ಮಾಡಿ ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ನನಗೆ ಸಿಟ್ಟು ಬರಲಿಲ್ಲ, ‘ಭಾನುವಾರ ಕರ್ಕೊಂಡು ಬನ್ನಿ’ ಅಂದೆ. ಮೂರೂ ಬ್ಲೇಡಿಗೆ ಒಂದೇ ತರಹದ ರಬ್ಬರ್ ಅಂಟಿಸಿ ಇಟ್ಟಿದ್ದೆ. ಹುಡುಗ ಮೂರನ್ನೂ ಕೈಯಲ್ಲಿ ತೂಗಿದ, ಕಿವಿಯ ಹತ್ತಿರ ಚೆಂಡು ಪುಟಿಸಿದ, 301 ಎತ್ತಿಕೊಂಡು ಟೇಬಲ್ಲಿಗೆ ಬಂದ. ನಾನು ಚಿಕ್ಕ ಕಟ್ ಸರ್ವ್ ಮಾಡಿದೆ. ಅವನು ಚೆಂಡನ್ನು ನೆಟ್ಟಿನ ಆಚೆ ಎರಡು ಸಲ ಪುಟಿಯುವಷ್ಟು ಚಿಕ್ಕದಾಗಿ ಇಟ್ಟ. ಮತ್ತೊಂದು ಸರ್ವ್, ಮತ್ತೆ ಅಷ್ಟೇ ಚಿಕ್ಕದು. ಹತ್ತು ನಿಮಿಷ ಬರೀ ಅದೇ. ಗೋಡೆಗೆ ಒರಗಿ ನಿಂತಿದ್ದ ಅಪ್ಪ ತಡೆಯಲಾಗದೆ ಕೇಳಿದರು: ‘ಯಾಕೋ, ಹೊಡೀತಾನೇ ಇಲ್ವಲ್ಲ?’

ಹುಡುಗ ಚೆಂಡಿನಿಂದ ಕಣ್ಣು ತೆಗೆಯದೆ ಅಂದ, ‘ತಡಿ ಅಪ್ಪ, ಇನ್ನೂ ಕೇಳಿಸ್ಕೋತಾ ಇದೀನಿ.’